ಹ್ಯಾಲೊವೀನ್‌ಗೆ ಮನೆಯಲ್ಲೇ ಬಾವಲಿ: ಮಗುವಿನ ಅಂಗೈಯಿಂದ ಶುರು ಮಾಡಿ

ಪ್ರಶ್ನೆ: ನಾವು ಟೆಕ್ಸಸ್‌ನ ಆಸ್ಟಿನ್‌ನಲ್ಲಿ ಬಾಡಿಗೆ ಅಪಾರ್ಟ್‌ಮೆಂಟಿನಲ್ಲಿದ್ದೇವೆ. ಮಗನಿಗೆ 8 ವರ್ಷ, ಮಗಳಿಗೆ 4. ಈ ಸಲ ಅಕ್ಟೋಬರ್ 31ರ ಹ್ಯಾಲೊವೀನ್ ಹಬ್ಬಕ್ಕೆ ಅಂಗಡಿಯ ಪ್ಲಾಸ್ಟಿಕ್ ಬಾವಲಿ ಬೇಡ, ಮನೆಯಲ್ಲೇ ಮಾಡೋಣ ಅಂತ ಇಬ್ಬರೂ ಹಟ ಹಿಡಿದಿದ್ದಾರೆ. ಇಂಟರ್‌ನೆಟ್‌ನಲ್ಲಿ ಸಿಕ್ಕ ಒಂದು ಚಿತ್ರ ಪ್ರಿಂಟ್ ಮಾಡಿ ಕೊಟ್ಟೆ. ಮಗಳ ಕಾಗದ ರೆಕ್ಕೆಯ ಹತ್ತಿರ ಹರಿದು ಅಳು ಶುರುವಾಯಿತು, ಮಗ ಎರಡು ಮಾಡಿ ಬೋರ್ ಅಂತ ಎದ್ದು ಹೋದ. ಗೋಡೆಗೆ ಮೊಳೆ ಹೊಡೆಯೋ ಹಾಗಿಲ್ಲ. ಊರಿಂದ ಬಂದಿರುವ ನಮ್ಮ ಅತ್ತೆ ಬಾವಲಿ ಮನೆಯೊಳಗೆ ಅಪಶಕುನ ಅನ್ನುತ್ತಾರೆ. ಹೇಗೆ ಮಾಡಲಿ?

ಉತ್ತರ: ಮೊದಲು ಆ ಪ್ರಿಂಟ್ ಮಾಡಿದ ಚಿತ್ರ ಪಕ್ಕಕ್ಕಿಡಿ. ಮಗಳು ಅತ್ತಿದ್ದು ಅದರಿಂದಲೇ. ನಾಲ್ಕು ವರ್ಷದ ಮಗುವಿಗೆ ಕತ್ತರಿ ನೇರಕ್ಕೆ ಓಡುತ್ತದೆ, ಅಗಲವಾದ ಬಾಗುಗಳಲ್ಲೂ ಓಡುತ್ತದೆ, ಆದರೆ ಆ ಚಿತ್ರಗಳಲ್ಲಿ ಕಿವಿ, ಉಗುರು, ರೆಕ್ಕೆಯ ಚೂಪು ಮೂಲೆ ಎಲ್ಲ ಒಂದರ ಪಕ್ಕ ಒಂದು ಇರುತ್ತವೆ. ಅಲ್ಲಿ ದೊಡ್ಡವರೇ ಕಾಗದ ತಿರುಗಿಸಿ ತಿರುಗಿಸಿ ಕತ್ತರಿಸಬೇಕು. ಮಗು ಕಾಗದ ತಿರುಗಿಸುವುದಿಲ್ಲ, ಕೈಯನ್ನೇ ತಿರುಗಿಸುತ್ತದೆ. ಹರಿಯದೆ ಇನ್ನೇನಾಗುತ್ತೆ?

ನಾನು ಮಕ್ಕಳಿಗೆ ಕ್ರಾಫ್ಟ್ ಹೇಳಿಕೊಡುವವಳು. ಬಾವಲಿ ಅಂದಾಗಲೆಲ್ಲ ನಾನು ಶುರು ಮಾಡುವುದು ಮಗುವಿನ ಸ್ವಂತ ಕೈಯಿಂದ. ಇದು ಬರೀ ಆಟಕ್ಕಲ್ಲ. ಬಾವಲಿಯ ರೆಕ್ಕೆ ನಿಜಕ್ಕೂ ಒಂದು ಕೈ. ಹಕ್ಕಿಯ ರೆಕ್ಕೆಯಲ್ಲಿ ಬೆರಳುಗಳು ಕೂಡಿಕೊಂಡು ಚಿಕ್ಕದಾಗಿ ಹೋಗಿವೆ, ಕೆಲಸವೆಲ್ಲ ಗರಿಗಳದ್ದು. ಬಾವಲಿಗೆ ಗರಿಯೇ ಇಲ್ಲ. ಅದರ ನಾಲ್ಕು ಬೆರಳು ಉದ್ದಕ್ಕೆ ಬೆಳೆದು, ಅವುಗಳ ನಡುವೆ ತೆಳ್ಳನೆ ಚರ್ಮ ಹರಡಿಕೊಂಡು ರೆಕ್ಕೆಯಾಗಿದೆ. ಹೆಬ್ಬೆರಳು ಮಾತ್ರ ಗಿಡ್ಡಗೆ, ಉಗುರಿನ ಸಮೇತ, ಮೇಲುಗಡೆ ಬಿಡುವಾಗಿ ನಿಂತಿರುತ್ತದೆ. ಇದನ್ನು ಮಕ್ಕಳಿಗೆ ಹೇಳಿ, ಕೈ ಅಗಲಿಸಿ ಹಿಡಿಯಿರಿ ಅನ್ನಿ. ಆಮೇಲೆ ನೀವು ಜಾಸ್ತಿ ವಿವರಿಸಬೇಕಾಗಿಲ್ಲ.

ಮಾಡುವುದು ಹೀಗೆ. ಕಪ್ಪು ಕಾಗದ ಎರಡು ಹಾಳೆ ಒಂದರ ಮೇಲೊಂದು ಇಟ್ಟು ಮೂಲೆಗಳಲ್ಲಿ ಕ್ಲಿಪ್ ಹಾಕಿ. ಮಗು ಬೆರಳುಗಳನ್ನು ಚೆನ್ನಾಗಿ ಅಗಲಿಸಿ ಕೈ ಇಡಲಿ, ಹೆಬ್ಬೆರಳು ಮೇಲಕ್ಕೆ. ಮಣಿಕಟ್ಟು ದಾಟಿ ಎರಡು ಇಂಚು ಮುಂಗೈಯೂ ಕಾಗದದ ಮೇಲೆ ಬರಬೇಕು. ಬಿಳಿ ಬಣ್ಣದ ಪೆನ್ಸಿಲ್‌ನಿಂದ ಸುತ್ತ ಗೆರೆ ಎಳೆಯಿರಿ. ಸೀಮೆಸುಣ್ಣ ಬೇಡ, ಎಲ್ಲ ಕಡೆ ಮೆತ್ತಿಕೊಳ್ಳುತ್ತದೆ. ಈಗ ಕೈಯ ಗೆರೆಯ ಮೇಲೆ ಕತ್ತರಿಸಬೇಡಿ. ತೋರುಬೆರಳಿನ ತುದಿಯಿಂದ ನಡುಬೆರಳಿನ ತುದಿಗೆ, ಅಲ್ಲಿಂದ ಉಂಗುರ ಬೆರಳಿಗೆ, ಆಮೇಲೆ ಕಿರುಬೆರಳಿಗೆ, ಒಳಕ್ಕೆ ಸ್ವಲ್ಪ ಬಾಗಿದ ಗೆರೆಗಳನ್ನು ಎಳೆದು ಸೇರಿಸಿ. ಕಿರುಬೆರಳ ತುದಿಯಿಂದ ಮುಂಗೈಯ ಕೊನೆಗೆ ಇನ್ನೊಂದು ದೊಡ್ಡ ಬಾಗು. ಮೇಲುಗಡೆ ಹೆಬ್ಬೆರಳಿನ ತುದಿ ಮಾತ್ರ ಒಂದು ಸಣ್ಣ ಮೊನೆಯಾಗಿ ಉಳಿಯಲಿ. ಈ ಹೊರಗೆರೆಯ ಮೇಲೆ ಕತ್ತರಿಸಿದರೆ ಎಡಕ್ಕೊಂದು ಬಲಕ್ಕೊಂದು, ಎರಡು ರೆಕ್ಕೆ ಒಟ್ಟಿಗೇ ಸಿಗುತ್ತವೆ. ಎರಡು ಹಾಳೆ ಒಟ್ಟಿಗೆ ಕತ್ತರಿಸಲು ಮಗಳಿಗೆ ಬಲ ಸಾಲದಿದ್ದರೆ ಒಂದನ್ನು ಅವಳು ಕತ್ತರಿಸಲಿ, ಅದನ್ನು ಮಗುಚಿ ಇಟ್ಟು ಗೆರೆ ಎಳೆದು ಇನ್ನೊಂದನ್ನು ನೀವು ಕತ್ತರಿಸಿ.

ಒಳಗಡೆ ಉಳಿದ ಬೆರಳುಗಳ ಬಿಳಿ ಗೆರೆ ಅಳಿಸಬೇಡಿ. ಅದೇ ಮೂಳೆ. ಮಗ ಬೇಕಾದರೆ ಒಂದೊಂದು ಬೆರಳಿನೊಳಗೂ ಉದ್ದಕ್ಕೆ ಗೆರೆ ಎಳೆದು, ಕೀಲಿನ ಗುರುತಿಗೆ ಸಣ್ಣ ಗಂಟು ಬರೆಯಲಿ, ಎಕ್ಸ್‌ರೇ ಬಾವಲಿ ಅಂತ ಹೆಸರಿಟ್ಟುಕೊಳ್ಳಲಿ. ನಡುವಿಗೆ ಮೂರು ಇಂಚಿನ ಮೊಟ್ಟೆಯಾಕಾರದ ಮೈ, ಮೇಲೆ ಎರಡು ತ್ರಿಕೋನ ಕಿವಿ, ಎರಡು ಬದಿಗೆ ರೆಕ್ಕೆ. ಗ್ಲೂ ಸ್ಟಿಕ್ ಬಳಸಿ, ನೀರು ನೀರಾದ ಅಂಟು ಕಾಗದವನ್ನು ಮುದುಡಿಸುತ್ತದೆ.

ಮಗಳ ಕೈಯಿಂದ ಮಾಡಿದ ಬಾವಲಿ ಆ ತುದಿಯಿಂದ ಈ ತುದಿಗೆ ಒಂದು ಅಡಿ ದಾಟಿ ಬರುತ್ತದೆ. ನಿಮ್ಮ ಆಸ್ಟಿನ್‌ನ ಕಾಂಗ್ರೆಸ್ ಅವೆನ್ಯೂ ಸೇತುವೆ ಕೆಳಗಿರುವ ಮೆಕ್ಸಿಕನ್ ಫ್ರೀ-ಟೇಲ್ಡ್ ಬಾವಲಿಗಳ ರೆಕ್ಕೆ ಹರಡಿದರೂ ಸುಮಾರು ಒಂದು ಅಡಿಯೇ. ಅಂದರೆ ಅವಳು ಮಾಡಿದ್ದು ಹೆಚ್ಚುಕಡಿಮೆ ಅಸಲಿ ಅಳತೆಯ ಬಾವಲಿ. ಇದನ್ನು ಅವಳಿಗೆ ತಪ್ಪದೆ ಹೇಳಿ. ಅಷ್ಟು ದೊಡ್ಡ ರೆಕ್ಕೆಯ ಪ್ರಾಣಿಯ ತೂಕ ಬರೀ 12 ಗ್ರಾಂ ಆಸುಪಾಸು ಅಂತಲೂ ಹೇಳಿ, ನಿಮ್ಮ ಅಡುಗೆಮನೆ ತಕ್ಕಡಿಯಲ್ಲಿ ಅಷ್ಟು ಸಕ್ಕರೆ ತೂಗಿ ತೋರಿಸಿ. ಎಂಟು ವರ್ಷದವನು ಬೋರ್ ಅಂತ ಎದ್ದು ಹೋಗುವುದು ಇಂಥ ಕಡೆ ಕಡಿಮೆ.

ಈಗ ಸಾಮಾನಿನ ವಿಷಯ. ಇಲ್ಲಿ ಶಾಲೆಗಳಲ್ಲಿ ಬಳಸುವ ಕನ್‌ಸ್ಟ್ರಕ್ಷನ್ ಪೇಪರ್, 9 ಇಂಟು 12 ಇಂಚಿನದು, ಅಗ್ಗ, ಮಗುವಿನ ಕತ್ತರಿಗೆ ಸುಲಭ. ಆದರೆ ಬೇಗ ಹರಿಯುತ್ತದೆ. ಕಿಟಕಿಗೆ ಅಂಟಿಸಿದರೆ ಟೆಕ್ಸಸ್ ಬಿಸಿಲಿಗೆ ಕಪ್ಪು ಹೋಗಿ ಕಂದುಬೂದಿ ಬಣ್ಣಕ್ಕೆ ತಿರುಗುತ್ತದೆ. ಕಾರ್ಡ್‌ಸ್ಟಾಕ್ ಅನ್ನುವ ದಪ್ಪ ಕಾಗದ ಗಟ್ಟಿ. ಅದರಲ್ಲೂ 65 ಪೌಂಡಿನದು (ಕಾಗದದ ದಪ್ಪವನ್ನು ಇಲ್ಲಿ ಪೌಂಡಿನಲ್ಲಿ ಹೇಳುತ್ತಾರೆ) ಸಾಕು, 110 ಪೌಂಡಿನದು ಮಕ್ಕಳ ಕತ್ತರಿಗೆ ಜಗ್ಗುವುದಿಲ್ಲ. ಮಗಳು ಎಡಗೈಯವಳಾ? ಹಾಗಿದ್ದರೆ ಎಡಗೈ ಕತ್ತರಿಯನ್ನೇ ಕೊಳ್ಳಿ, ಬಲಗೈ ಕತ್ತರಿಯಲ್ಲಿ ಅವಳಿಗೆ ಗೆರೆಯೇ ಕಾಣುವುದಿಲ್ಲ, ಅಲಗು ಅಡ್ಡ ಬರುತ್ತದೆ. ನಾಲ್ಕು ವರ್ಷದ ಮಗು ಕತ್ತರಿಯಲ್ಲಿ ಸೋತರೆ ಅದು ಮಗುವಿನ ದಡ್ಡತನ ಅಂದುಕೊಳ್ಳುವ ಮೊದಲು ಕತ್ತರಿಯನ್ನು ನೋಡಿ. ಮೊಂಡು ಕತ್ತರಿ ಕೊಟ್ಟರೆ ಜೋಪಾನ ಅಂತ ನಾವು ಅಂದುಕೊಳ್ಳುತ್ತೇವೆ. ಮೊಂಡಾಗಿರಬೇಕಾದ್ದು ತುದಿ, ಅಲಗಲ್ಲ.

ಕೈ ಬಾವಲಿ ಇಬ್ಬರದೂ ಸೇರಿ ನಾಲ್ಕೈದು ಸಾಕು. ಉಳಿದದ್ದು ಹಿಂಡು. ಹಿಂಡಿನ ಬಾವಲಿಗೆ ಇಷ್ಟೊಂದು ಕಷ್ಟ ಪಡಬೇಡಿ. ಕಾಗದವನ್ನು ಎರಡಾಗಿ ಮಡಚಿ. ಮಡಿಕೆಯ ಕಡೆ ಅರ್ಧ ತಲೆ, ಒಂದು ಕಿವಿ. ಅಲ್ಲಿಂದ ಹೊರಕ್ಕೆ ರೆಕ್ಕೆಯ ಮೇಲಂಚು, ಕೆಳಗೆ ಎರಡೋ ಮೂರೋ ಬಾಗು, ಮತ್ತೆ ಮಡಿಕೆಗೆ ವಾಪಸ್. ಬಿಚ್ಚಿದರೆ ಪೂರ್ತಿ ಬಾವಲಿ. ಗಣೇಶನ ಮಂಟಪಕ್ಕೆ ಬಣ್ಣದ ಕಾಗದ ಮಡಚಿ ಕತ್ತರಿಸಿ ಹೂವು ಬಿಡಿಸಿದ ಕೈಗೆ ಇದು ಹೇಳಿಕೊಡಬೇಕಾಗಿಲ್ಲ. ನಿಮ್ಮ ಅತ್ತೆಯ ವಿಷಯಕ್ಕೆ ಆಮೇಲೆ ಬರುತ್ತೇನೆ.

ಮೂರು ಅಳತೆ ಇರಲಿ: 9 ಇಂಚು, 6 ಇಂಚು, 3 ಇಂಚು. ದೊಡ್ಡದು ಕಡಿಮೆ, ಚಿಕ್ಕದು ಜಾಸ್ತಿ. ಒಂದು ಬಾಗಿಲಿಗೆ ಮೂವತ್ತು ನಲವತ್ತು ಬೇಕು. ಹತ್ತು ಹಾಕಿದರೆ ಅಲ್ಲೊಂದು ಇಲ್ಲೊಂದು ಅಂಟಿಸಿದ ಕಾಗದದ ಚೂರು ಅನ್ನಿಸುತ್ತದೆ, ನಲವತ್ತು ಹಾಕಿದರೆ ಹಿಂಡು ಹಾರಿಹೋಗುತ್ತಿದೆ ಅನ್ನಿಸುತ್ತದೆ. ಹಾಗಾಗಿ ಚೆನ್ನಾಗಿ ಬಂದಿದೆಯೋ ಇಲ್ಲವೋ ಅನ್ನುವ ಚಿಂತೆ ಬಿಡಿ, ಒಂದು ಕಿವಿ ಹೋದದ್ದು, ರೆಕ್ಕೆ ಸೊಟ್ಟಗಾದದ್ದು, ಮಗಳ ಹರಿದ ಬಾವಲಿ, ಎಲ್ಲವೂ ಹಿಂಡಿನಲ್ಲಿ ಸೇರಿಹೋಗುತ್ತವೆ. ಎಲ್ಲ ಒಂದೇ ಅಚ್ಚಿನಲ್ಲಿದ್ದರೇ ಅಂಗಡಿಯದರ ಹಾಗೆ ಕಾಣುವುದು.

ಅಂಟಿಸುವ ಕ್ರಮದಲ್ಲೇ ಅರ್ಧ ಅಂದವಿದೆ. ಸುಮ್ನೆ ಬಾಗಿಲ ತುಂಬ ಚೆಲ್ಲಬೇಡಿ. ಕೆಳಗಿನ ಒಂದು ಮೂಲೆಯಲ್ಲಿ ಚಿಕ್ಕವನ್ನು ಒತ್ತೊತ್ತಾಗಿ ಅಂಟಿಸಿ, ಅಲ್ಲಿಂದ ಓರೆಯಾಗಿ ಮೇಲಕ್ಕೆ ಹೋಗುತ್ತಾ ಅಂತರ ಬಿಡುತ್ತಾ ಬನ್ನಿ, ಕೊನೆಗೆ ದೊಡ್ಡವು ಬಾಗಿಲಿನ ಮೇಲ್ಚೌಕಟ್ಟು ದಾಟಿ ಗೋಡೆಗೆ ಬರಲಿ. ತಲೆಗಳೆಲ್ಲ ಹೆಚ್ಚುಕಡಿಮೆ ಒಂದೇ ದಿಕ್ಕಿಗಿರಲಿ, ಆದರೆ ಒಂದೊಂದು ಸ್ವಲ್ಪ ವಾಲಲಿ. ಪ್ರತಿಯೊಂದರ ರೆಕ್ಕೆಯನ್ನು ಮೈಯ ಪಕ್ಕದಲ್ಲಿ ಒಮ್ಮೆ ಮುಂದಕ್ಕೆ ಮಡಚಿ ಬಿಟ್ಟುಬಿಡಿ, ಮೈಗೆ ಮಾತ್ರ ಟೇಪು. ರೆಕ್ಕೆ ಗೋಡೆಯಿಂದ ಎದ್ದು ನಿಂತು ನೆರಳು ಬೀಳುತ್ತದೆ, ಯಾರಾದರೂ ಬಾಗಿಲು ತೆಗೆದಾಗ ಗಾಳಿಗೆ ಅಲುಗುತ್ತದೆ. ಸಂಜೆ ಪೋರ್ಚ್ ಲೈಟ್ ಹಾಕಿ ನೋಡಿ, ನೆರಳೂ ಸೇರಿ ನಾಲ್ಕು ಬಾವಲಿಗೆ ಎಂಟರ ಲೆಕ್ಕ.

ಮೊಳೆ ಬೇಕಾಗಿಲ್ಲ. ನೀಲಿ ಪೇಂಟರ್ಸ್ ಟೇಪನ್ನು ಉಂಗುರದ ಹಾಗೆ ಸುತ್ತಿ, ಅಂಟು ಹೊರಗಡೆ ಬರುವಂತೆ ಮಾಡಿ ಬಾವಲಿಯ ಮೈ ಹಿಂದೆ ಒತ್ತಿ. ಟೆಕ್ಸಸ್ ಅಪಾರ್ಟ್‌ಮೆಂಟುಗಳ ಒಳಗೋಡೆ ಬಹಳ ಕಡೆ ಕಿತ್ತಳೆ ಸಿಪ್ಪೆಯಷ್ಟು ತರಿತರಿಯಾಗಿರುತ್ತದೆ. ಅದರ ಮೇಲೆ ಈ ಟೇಪು ರಾತ್ರಿ ಕಳೆಯುವುದರೊಳಗೆ ಬಿಟ್ಟುಬಿಡುತ್ತದೆ. ಆದ್ದರಿಂದ ನುಣುಪಾದ ಜಾಗ ಹುಡುಕಿ: ಮುಂಬಾಗಿಲು, ಕಿಟಕಿ ಗಾಜು, ಫ್ರಿಜ್. ಫೋಮ್ ಇರುವ ಎರಡು ಬದಿಯ ಟೇಪು ಮಾತ್ರ ಬೇಡವೇ ಬೇಡ, ತೆಗೆಯುವಾಗ ಬಣ್ಣವೂ ಕಿತ್ತು ಬರುತ್ತದೆ, ಡಿಪಾಸಿಟ್‌ನಲ್ಲಿ ಹಿಡಿಯುತ್ತಾರೆ. ನೀಲಿ ಟೇಪನ್ನೂ ಎಳೆದು ಕೀಳಬೇಡಿ, ಒಂದು ತುದಿಯಿಂದ ಓರೆಯಾಗಿ ನಿಧಾನಕ್ಕೆ.

ಮಗನಿಗೆ ಬೇರೆ ಕೆಲಸ ಕೊಡಿ. ಅವನಿಗೆ ತಂಗಿ ಮಾಡಿದ್ದನ್ನೇ ಮಾಡು ಅಂದರೆ ಬೋರ್ ಆಗುವುದು ಸಹಜ ಅಲ್ವಾ. ಅವನು ತಲೆಕೆಳಗಾಗಿ ನೇತಾಡುವ ಬಾವಲಿ ಮಾಡಲಿ. ಕಿಚನ್ ಟವೆಲ್ ಮುಗಿದ ಮೇಲೆ ಉಳಿಯುವ ರಟ್ಟಿನ ಕೊಳವೆಯನ್ನು ಮೂರು ತುಂಡು ಮಾಡಿ. (ಟಾಯ್ಲೆಟ್ ರೋಲಿನ ಕೊಳವೆಯೂ ಆಗುತ್ತದೆ, ಇಲ್ಲಿ ಎಲ್ಲರೂ ಅದನ್ನೇ ಬಳಸುತ್ತಾರೆ, ಆದರೆ ಅತ್ತೆ ಮನೆಯಲ್ಲಿರುವಾಗ ಅಡುಗೆಮನೆಯದೇ ಮೇಲು.) ಕೊಳವೆಯ ಒಂದು ತುದಿಯ ಅಂಚನ್ನು ಎದುರುಬದುರು ಎರಡು ಕಡೆಯಿಂದ ಒಳಕ್ಕೆ ಒತ್ತಿದರೆ ಪಕ್ಕದಲ್ಲಿ ಎರಡು ಮೊನೆ ತಾವಾಗಿಯೇ ಎದ್ದು ನಿಲ್ಲುತ್ತವೆ. ಅವೇ ಕಿವಿ. ಕತ್ತರಿಯೇ ಬೇಡ. ಕಪ್ಪು ಬಣ್ಣ ಬಳಿದು ರಾತ್ರಿಯಿಡೀ ಒಣಗಲು ಬಿಡಿ. ಬಟ್ಟೆಯಿಂದ ತೊಳೆದು ಹೋಗುವ ಟೆಂಪೆರಾ ಬಣ್ಣವನ್ನೇ ತನ್ನಿ, ಅಕ್ರಿಲಿಕ್ ಒಣಗಿದ ಮೇಲೆ ಬಟ್ಟೆ ಬಿಡುವುದಿಲ್ಲ. ಇನ್ನೊಂದು ತುದಿಯಲ್ಲಿ ಎರಡು ಸಣ್ಣ ತೂತು, ಅದಕ್ಕೆ ಪೈಪ್ ಕ್ಲೀನರ್ (ಜುಂಗು ಸುತ್ತಿದ ಬಗ್ಗುವ ತಂತಿ) ತುಂಡು ತೂರಿಸಿ ಕೊಕ್ಕೆಯ ಹಾಗೆ ಬಾಗಿಸಿ, ಕಾಲಾಯಿತು. ರೆಕ್ಕೆಯನ್ನು ಮೈ ಸುತ್ತ ಹೊದ್ದುಕೊಂಡಂತೆ ಸುತ್ತಿ ಅಂಟಿಸಿ. ಹೊರಗಿಂದ ಒಂದು ಒಣ ಕೊಂಬೆ ಆರಿಸಿ ತಂದು ಎರಡು ತುದಿಗೆ ದಾರ ಕಟ್ಟಿ, ಕೊಕ್ಕೆಗಳಿಂದ ಬಾವಲಿಗಳನ್ನು ಸಾಲಾಗಿ ನೇತುಹಾಕಲಿ.

ನೇತಾಡಿಕೊಂಡು ನಿದ್ದೆ ಮಾಡಿದರೆ ಬೀಳುವುದಿಲ್ಲವಾ ಅಂತ ಅವನು ಕೇಳುತ್ತಾನೆ, ಕೇಳಲೇಬೇಕು. ಬಾವಲಿಯ ಕಾಲಿನಲ್ಲಿ ಒಂದು ವ್ಯವಸ್ಥೆಯಿದೆ. ಮೈಯ ಭಾರ ಕೆಳಕ್ಕೆ ಎಳೆದಾಗ ಸ್ನಾಯುರಜ್ಜು ಬಿಗಿದುಕೊಂಡು ಬೆರಳುಗಳು ತಾವೇ ಮುಚ್ಚಿಕೊಳ್ಳುತ್ತವೆ. ಹಿಡಿದುಕೊಳ್ಳಲು ಶಕ್ತಿ ಬೇಡ, ಬಿಡಲು ಬೇಕು. ನಮ್ಮದು ಉಲ್ಟಾ.

ಪೋರ್ಚ್ ಇದ್ದು ಮಳೆ ಬೀಳುವ ಜಾಗವಾದರೆ ಕಾಗದ ನಿಲ್ಲುವುದಿಲ್ಲ. ಅದಕ್ಕೆ ಮನೆಯಲ್ಲಿ ಮುರಿದ ಕಪ್ಪು ಕೊಡೆ ಇದೆಯಾ ನೋಡಿ. ಕೊಡೆಯ ಕಡ್ಡಿಗಳು ಬೆರಳ ಮೂಳೆ, ಬಟ್ಟೆ ಚರ್ಮ, ಅಂಚಿನ ಬಾಗು ಮೊದಲೇ ಇದೆ. ಹಿಡಿಕೆ ಮತ್ತು ಕೋಲು ಬಿಚ್ಚಿ ತೆಗೆದು, ಬಟ್ಟೆಯನ್ನು ಅರ್ಧ ಮಾಡಿದರೆ ಎಂಟು ಕಡ್ಡಿಯ ಕೊಡೆಯಲ್ಲಿ ಒಂದೊಂದು ರೆಕ್ಕೆಗೆ ನಾಲ್ಕು ಪಟ್ಟಿ ಸಿಗುತ್ತದೆ. ನಡುವೆ ಕಪ್ಪು ಕಾಲುಚೀಲದೊಳಗೆ ಹಳೇ ಬಟ್ಟೆ ತುರುಕಿದ ಮೈ. ಕಡ್ಡಿ ಕತ್ತರಿಸುವುದು, ಮೊನೆಗಳಿಗೆ ಟೇಪು ಸುತ್ತುವುದು ನೀವೇ ಮಾಡಿ, ಮಕ್ಕಳನ್ನು ದೂರ ಇಡಿ. ನನ್ನ ಲೆಕ್ಕದಲ್ಲಿ ಮನೆಯಲ್ಲಿ ಮಾಡುವ ಬಾವಲಿಗಳಲ್ಲಿ ಇದಕ್ಕೇ ಮೊದಲ ಜಾಗ, ಮೂರು ನಾಲ್ಕು ವರ್ಷ ಬಾಳಿಕೆಯೂ ಬರುತ್ತದೆ.

ಎಚ್ಚರಿಕೆಯ ಮಾತು ಮೂರೇ. ಕಾಗದದ ಬಾವಲಿ ಹತ್ತಿರ ಉರಿಯುವ ಮೇಣದಬತ್ತಿ ಬೇಡ. ಬ್ಯಾಟರಿ ದೀಪ ಇಟ್ಟರೆ ಬಟನ್ ಬ್ಯಾಟರಿಯ ಮುಚ್ಚಳ ಸ್ಕ್ರೂ ಹಾಕಿ ಮುಚ್ಚುವಂಥದ್ದೇ ಇರಬೇಕು. ನಾಲ್ಕು ವರ್ಷದ ಮಗು ಆ ಬ್ಯಾಟರಿ ನುಂಗಿದರೆ ಎರಡೇ ಗಂಟೆಯಲ್ಲಿ ಅನ್ನನಾಳ ಸುಟ್ಟುಹೋಗಬಹುದು. ನುಂಗಿದ ಅನುಮಾನ ಬಂದರೂ ಕಾಯದೆ ಎಮರ್ಜೆನ್ಸಿಗೆ ಓಡಿ. ಮತ್ತೆ ಅಂಗಡಿಯಲ್ಲಿ ಸಿಗುವ ಆ ಹತ್ತಿಯಂಥ ಜೇಡರ ಬಲೆ, ಅದನ್ನು ಹೊರಗಿನ ಗಿಡಗಳ ಮೇಲೆ ಎಳೆದು ಹರಡಬೇಡಿ, ಹಕ್ಕಿಗಳೂ ನಿಜವಾದ ಬಾವಲಿಗಳೂ ಸಿಕ್ಕಿಹಾಕಿಕೊಳ್ಳುತ್ತವೆ. ಬಲೆ ಬೇಕೇ ಬೇಕು ಅಂದರೆ ದಪ್ಪ ಹಗ್ಗದಲ್ಲಿ ಕಟ್ಟಿ.

ಅತ್ತೆಯ ವಿಷಯ. ವಾದ ಮಾಡಲು ಹೋಗಬೇಡಿ. ಬಾವಲಿ ಮನೆಯೊಳಗೆ ಬರಬಾರದು ಅನ್ನುವುದು ನಮ್ಮ ಕಡೆ ಹಿಂದಿನಿಂದ ಬಂದ ನಂಬಿಕೆ, ಒಂದು ವಾರದ ಅಲಂಕಾರಕ್ಕಾಗಿ ಅದನ್ನು ಅವರ ಮನಸ್ಸಿನಿಂದ ಕಿತ್ತು ಹಾಕಲು ಆಗುವುದಿಲ್ಲ, ಹಾಕಬೇಕಾಗಿಯೂ ಇಲ್ಲ. ಹಿಂಡು ಹೇಗೂ ಮುಂಬಾಗಿಲಿನ ಹೊರಗಿರುತ್ತದೆ. ಬಾವಲಿಗಳು ಹೊರಗೆ ಹಾರಿ ಹೋಗುತ್ತಿವೆ, ಒಳಗೆ ಬರುತ್ತಿಲ್ಲ ಅಂತ ಹೇಳಿ, ತಲೆಗಳನ್ನು ಆ ದಿಕ್ಕಿಗೇ ತಿರುಗಿಸಿ ಅಂಟಿಸಿ. ಕೊಂಬೆಯ ಬಾವಲಿಗಳನ್ನು ಬಾಲ್ಕನಿಯಲ್ಲಿ ಕಟ್ಟಿ. ದೇವರ ಕೋಣೆ, ಅಡುಗೆಮನೆಯ ಕಡೆ ಬೇಡ. ನುಣುಪಾದ ಜಾಗ ಅಂತ ಮೇಲೆ ಹೇಳಿದ ಫ್ರಿಜ್ಜನ್ನೂ ನಿಮ್ಮ ಮನೆಯ ಮಟ್ಟಿಗೆ ಬಿಟ್ಟುಬಿಡಿ. ನವೆಂಬರ್ ಒಂದಕ್ಕೆ ಎಲ್ಲ ತೆಗೆದುಬಿಡಿ, ದೀಪಾವಳಿ ಹತ್ತಿರದಲ್ಲೇ ಇರುತ್ತದಲ್ಲ. 2024ರಲ್ಲಂತೂ ಊರಲ್ಲಿ ನರಕ ಚತುರ್ದಶಿ ನಡೆದ ದಿನವೇ ಇಲ್ಲಿ ಹ್ಯಾಲೊವೀನ್. ಅಂಥ ವರ್ಷ ಬಾಗಿಲು ದೀಪಕ್ಕೆ, ಬಾಲ್ಕನಿ ಬಾವಲಿಗೆ ಅಂತ ಹಂಚಿಕೊಳ್ಳುವುದೇ ದಾರಿ.

ಆದರೆ ಅವರನ್ನು ಕೆಲಸಕ್ಕೆ ಕರೆಯಿರಿ. ಬಾವಲಿ ಮಾಡಿ ಅನ್ನಬೇಡಿ, ಅಂಟು ಮಾಡಿಕೊಡಿ ಅನ್ನಿ. ಮೈದಾ ಹಿಟ್ಟು ನೀರಲ್ಲಿ ಕಲಸಿ ಸಣ್ಣ ಉರಿಯಲ್ಲಿ ಕುದಿಸಿ ಮಾಡುವ ಅಂಟು ಅವರ ತಲೆಮಾರಿನ ಬಹಳ ಜನಕ್ಕೆ ಗೊತ್ತು, ಆಕಾಶಬುಟ್ಟಿಗೂ ಗಾಳಿಪಟಕ್ಕೂ ಅದನ್ನೇ ಬಳಸುತ್ತಿದ್ದರು. ಮಗಳು ಬಾಯಿಗೆ ಹಾಕಿದರೂ ಗಾಬರಿ ಇಲ್ಲ. ರಟ್ಟಿನ ಕೊಳವೆಗೆ ರೆಕ್ಕೆ ಅಂಟಿಸಲು ಅದು ಗ್ಲೂ ಸ್ಟಿಕ್‌ಗಿಂತ ಗಟ್ಟಿ, ಒಣಗಲು ಮಾತ್ರ ಹೊತ್ತು ಹಿಡಿಯುತ್ತದೆ. ಒಮ್ಮೆ ಮೇಜಿನ ಹತ್ತಿರ ಬಂದು ಕೂತವರು ಮೊಮ್ಮಗಳ ಕಾಗದ ಮಡಚಿಕೊಡದೆ ಇರುತ್ತಾರಾ?

ಅವರಿಗೆ ಹೇಳಲು ಒಂದು ಕಥೆಯೂ ನಿಮ್ಮ ಊರಲ್ಲೇ ಇದೆ. ಕಾಂಗ್ರೆಸ್ ಅವೆನ್ಯೂ ಸೇತುವೆಯನ್ನು 1980ರಲ್ಲಿ ದುರಸ್ತಿ ಮಾಡಿದಾಗ ಕೆಳಗಡೆ ಕಾಂಕ್ರೀಟಿನ ನಡುವೆ ಕಿರಿದಾದ, ಆಳವಾದ ಸಂದುಗಳು ಉಳಿದವು. ಬಾವಲಿಗಳಿಗೆ ಅದು ಸರಿಯಾದ ಮನೆಯಾಗಿ ಸಾವಿರಗಟ್ಟಲೆ ಬಂದು ಸೇರಿಕೊಂಡವು. ಊರವರು ಹೆದರಿದರು, ರೋಗ ತರುತ್ತವೆ ಓಡಿಸಿ ಅಂದರು. ಬಾವಲಿಗಳ ವಿಜ್ಞಾನಿ ಮರ್ಲಿನ್ ಟಟಲ್ ಅವರು 1982ರಲ್ಲಿ ಶುರು ಮಾಡಿದ್ದ ಬ್ಯಾಟ್ ಕನ್ಸರ್ವೇಶನ್ ಇಂಟರ್‌ನ್ಯಾಷನಲ್ ಸಂಸ್ಥೆ 1986ರಲ್ಲಿ ಆಸ್ಟಿನ್‌ಗೆ ಬಂದು, ಸುಮ್ಮನೆ ಬಿಟ್ಟರೆ ಇವು ಏನೂ ಮಾಡುವುದಿಲ್ಲ, ರಾತ್ರಿಯಿಡೀ ಹುಳ ತಿನ್ನುತ್ತವೆ ಅಂತ ಜನಕ್ಕೆ ತಿಳಿಹೇಳಿತು. ಈಗ ಅಲ್ಲಿ ಬೇಸಿಗೆಯಲ್ಲಿ ಸುಮಾರು 15 ಲಕ್ಷ ಬಾವಲಿಗಳು, ನೋಡಲು ಸೇತುವೆ ತುಂಬ ಜನ. ನಮ್ಮ ಕಡೆಯದೂ ಒಂದು ಹೇಳಿ: ಕೋಲಾರ ಜಿಲ್ಲೆಯ ಹನುಮನಹಳ್ಳಿಯ ಒಂದು ಗುಹೆಯಲ್ಲಿ ಬದುಕುವ ಕೋಲಾರದ ಎಲೆಮೂಗಿನ ಬಾವಲಿ, ಜಗತ್ತಿನಲ್ಲಿ ಇನ್ನೆಲ್ಲೂ ಇರುವುದು ಗೊತ್ತಾಗಿಲ್ಲ, ಉಳಿದಿರುವುದು ಕೆಲವೇ ನೂರು. ಮಗ ಬೇಕಾದರೆ ಹಿಂಡಿನಲ್ಲಿ ಒಂದಕ್ಕೆ ಎಲೆಯಂಥ ಮೂಗು ಅಂಟಿಸಿ ಅದನ್ನು ಕೋಲಾರದ್ದು ಅಂತ ಕರೆಯಲಿ. ಇದು ರಕ್ತ ಹೀರುತ್ತಾ ಅಂತ ಕೇಳಿದರೆ, ಜಗತ್ತಿನ 1,400ಕ್ಕೂ ಹೆಚ್ಚು ಬಾವಲಿ ಜಾತಿಗಳಲ್ಲಿ ರಕ್ತ ಕುಡಿಯುವುದು ಮೂರೇ ಮೂರು, ಅವು ಇರುವುದು ಮೆಕ್ಸಿಕೋದಿಂದ ದಕ್ಷಿಣಕ್ಕೆ ಅನ್ನಿ.

ಮಕ್ಕಳನ್ನು ಸೇತುವೆಗೆ ಕರೆದುಕೊಂಡು ಹೋಗುವುದಾದರೆ ಅಲಂಕಾರ ಅಂಟಿಸುವ ಮೊದಲೇ ಹೋಗಿ. ಹಿಂಡು ಹೇಗೆ ಒಂದು ಕಡೆಯಿಂದ ಹೊರಟು ಉದ್ದಕ್ಕೆ ಎಳೆದುಕೊಂಡು ಹೋಗುತ್ತದೆ ಅಂತ ಕಂಡರೆ ಬಾಗಿಲ ಮೇಲೆ ಎಲ್ಲಿ ಯಾವುದು ಅಂತ ಅವರೇ ಹೇಳುತ್ತಾರೆ. ಅತಿ ಜಾಸ್ತಿ ಕಾಣುವುದು ಆಗಸ್ಟ್‌ನಲ್ಲಿ. ಚಳಿ ಶುರುವಾದಂತೆ ಅವು ಮೆಕ್ಸಿಕೋ ಕಡೆ ಹೊರಡುತ್ತವೆ, ಆದ್ದರಿಂದ ಅಕ್ಟೋಬರ್ ಕೊನೆಗೆ ಕಾಯಬೇಡಿ, ತಿಂಗಳ ಮೊದಲ ವಾರದಲ್ಲೇ ಸೂರ್ಯ ಮುಳುಗುವ ಹೊತ್ತಿಗೆ ಹೋಗಿ ನಿಲ್ಲಿ. ಅಲ್ಲಾಗಲಿ ಮನೆ ಹತ್ತಿರವಾಗಲಿ ನೆಲದ ಮೇಲೆ ಬಿದ್ದ ಬಾವಲಿ ಕಂಡರೆ, ಸತ್ತಿದ್ದರೂ ಬದುಕಿದ್ದರೂ, ಮುಟ್ಟಬಾರದು ಅಂತ ಇಬ್ಬರಿಗೂ ಹೊರಡುವ ಮೊದಲೇ ಹೇಳಿ. ನೆಲಕ್ಕೆ ಬಿದ್ದದ್ದು ಹುಷಾರಿಲ್ಲದ ಬಾವಲಿ ಇರಬಹುದು, ರೇಬೀಸ್ ಇರಬಹುದು. ಕಚ್ಚಿದ ಗುರುತು ಕಣ್ಣಿಗೆ ಕಾಣದಷ್ಟು ಸಣ್ಣದಿರುತ್ತದೆ, ಹಾಗಾಗಿ ಮುಟ್ಟಿಬಿಟ್ಟಿದ್ದರೆ ಸೋಪು ನೀರಿನಿಂದ ತೊಳೆದು ಅವತ್ತೇ ಡಾಕ್ಟರಿಗೆ ಫೋನ್ ಮಾಡಿ. ಬರೀ ಕಂಡಿದ್ದರೆ ದೂರ ನಿಂತು ನಗರದ ಸಹಾಯವಾಣಿ 311ಕ್ಕೆ ಫೋನ್ ಮಾಡಿ ತಿಳಿಸಿದರೆ ಸಾಕು.